ಬೀಸುಕಲ್ಲಿನ ನೇಮ

ನಮ್ಮ ಮನೆಗೆ ಮೊದಲ ಸಲ ಬಂದ ಹೆಣ್ಣುಮಕ್ಕಳು ಅಡುಗೆಮನೆಗೆ ಕಾಲಿಟ್ಟರೆ ಒಂದು ಮಾತು ಕೇಳದೆ ಇರುವುದಿಲ್ಲ. ಒಲೆಯ ಪಕ್ಕದ ಹಲಗೆಯ ಮೇಲೆ, ಉಪ್ಪು ಖಾರದ ಡಬ್ಬಿಗಳ ನಡುವೆ, ಹಳೆಯ ಕ್ಯಾಲೆಂಡರಿನ ಹಾಳೆಯಿಂದ ರಟ್ಟು ಹಾಕಿದ ಒಂದು ಪುಸ್ತಕ ಇರುತ್ತದೆ. ಅದರ ಅಂಚಿಗೆಲ್ಲ ಅರಿಷಿಣದ ಬೆರಳಿನ ಗುರುತು. “ಅಡುಗಿ ಪುಸ್ತಕ ಏನ್ರಿ?” ಎಂದು ಕೇಳುತ್ತಾರೆ. “ಅಲ್ಲ, ಕವಿತೆಯ ಪುಸ್ತಕ” ಎಂದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಗುತ್ತಾರೆ. ಎಷ್ಟೋ ಮಂದಿ ಇದು ನಿವೃತ್ತಿಯಾದ ಮಾಸ್ತರಿಣಿಯ ಹುಚ್ಚು ಎಂದುಕೊಂಡಿರಬಹುದು. ಆದರೆ ಈ ಪುಸ್ತಕ ಅಡುಗೆಮನೆಗೆ ಬಂದದ್ದು ಹುಚ್ಚಿನಿಂದಲ್ಲ. ಅದರ ಹಿಂದೆ ನನ್ನ ಅವ್ವನ ಕಥೆಯಿದೆ. ಅವ್ವನ ಕಥೆಯ ಹಿಂದೆ ನಮ್ಮ ಈ ಸೀಮೆಯ ಸಾವಿರ ವರ್ಷಕ್ಕೂ ಹಿಂದಿನ ಕಥೆಯಿದೆ.

ನಾನು ಹುಟ್ಟಿದ್ದು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ಕೊಟ್ಟ ಮನೆ ಜಮಖಂಡಿ. ಮಗಳನ್ನು ಕೊಟ್ಟದ್ದು ಬನಹಟ್ಟಿಯ ನೇಕಾರರ ಮನೆಗೆ. ಮುಧೋಳದಲ್ಲಿ ಹನ್ನೊಂದು ವರ್ಷ ಶಾಲೆಯಲ್ಲಿ ಕಲಿಸಿದೆ. ಹೀಗೆ ಈ ನಾಲ್ಕು ಊರುಗಳ ನಡುವೆಯೇ ನನ್ನ ಆಯುಷ್ಯ ಬಸ್ಸಿನ ಚೀಟಿ ಹರಿಸುತ್ತ ಕಳೆಯಿತು. 2018ರ ಮೇ ತಿಂಗಳ ಕೊನೆಗೆ ನೌಕರಿ ಮುಗಿಯಿತು. ಇಷ್ಟು ವರ್ಷ ಮಕ್ಕಳಿಗೆ ಪದ್ಯ ಬಾಯಿಪಾಠ ಮಾಡಿಸಿದೆ, ನನಗಾಗಿ ಓದಿದ್ದೆಷ್ಟು ಎಂದು ಕೇಳಿಕೊಂಡರೆ ಉತ್ತರವೇ ಇರಲಿಲ್ಲ. ಕಾದಂಬರಿ ಓದಿದ್ದೆ, ಅದೂ ರಾಶಿಗಟ್ಟಲೆ. ಬೀಳಗಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿ ಪುರಾಣಿಕರ ಪುಸ್ತಕಗಳನ್ನು ನಮ್ಮ ಕಾಲದ ಹೆಂಗಸರು ಒಬ್ಬರ ಕೈಯಿಂದ ಒಬ್ಬರು ಕಸಿದುಕೊಂಡು ಓದುತ್ತಿದ್ದರು. ಅವರ ‘ಕುಲವಧು’ 1963ರಲ್ಲಿ ಸಿನಿಮಾ ಆಗಿತ್ತು. ಆದರೆ ಕವಿತೆ? ಅದು ಪರೀಕ್ಷೆಗೆ, ಭಾಷಣಕ್ಕೆ, ಲಗ್ನಪತ್ರಿಕೆಗೆ. ದಿನನಿತ್ಯದ್ದಲ್ಲ.

ದಿನಕ್ಕೊಂದು ಪದ್ಯ ಓದಬೇಕೆಂದು ಜೂನ್ ಒಂದನೆಯ ತಾರೀಖಿಗೆ ಸಂಕಲ್ಪ ಮಾಡಿದೆ. ಓದುವುದಾದರೆ ನಮ್ಮವನನ್ನೇ ಓದಬೇಕು ಎಂಬ ಅಭಿಮಾನ ಬೇರೆ. ಮುಧೋಳದ ರನ್ನನ ಗದಾಯುದ್ಧವನ್ನು ತೆಗೆದುಕೊಂಡು, ರಾತ್ರಿ ಊಟದ ಪಾತ್ರೆ ತೊಳೆದಿಟ್ಟು, ಒಂಬತ್ತೂವರೆಗೆ ಕುಳಿತೆ. ಹಳೆಗನ್ನಡ. ಪಕ್ಕದ ಕೋಣೆಯಲ್ಲಿ ಟಿವಿಯ ಧಾರಾವಾಹಿ. ಒಂದು ಪದ್ಯಕ್ಕೆ ಐದು ಸಲ ಶಬ್ದಕೋಶ. ಹನ್ನೆರಡನೆಯ ದಿನ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋದೆ. ಕನ್ನಡಕದ ಕಾಲು ಸೊಟ್ಟಗಾಯಿತು. “ದುರ್ಯೋಧನ ಸಾಯೂದಕ್ಕ ಇನ್ನೂ ಭಾಳ ದಿನ ಅದಾವು, ಮಲಕೋ” ಎಂದು ಮನೆಯವರು ದೀಪ ಆರಿಸಿದರು. ಅಲ್ಲಿಗೆ ನನ್ನ ಸಂಕಲ್ಪವೂ ಆರಿತು. ಬಿಡುವಿನಲ್ಲಿ ಓದುತ್ತೇನೆ ಎಂದುಕೊಂಡದ್ದೇ ನನ್ನ ತಪ್ಪು ಎಂದು ಆಗ ತಿಳಿಯಲಿಲ್ಲ. ಹೆಂಗಸರ ದಿನದಲ್ಲಿ ಬಿಡುವು ಎಂಬುದು ಎಲ್ಲರೂ ಕೈಹಾಕುವ ಸಾಮಾನು. ಅದರಲ್ಲಿ ಏನನ್ನಿಟ್ಟರೂ ಉಳಿಯುವುದಿಲ್ಲ.

ಆ ವರ್ಷ ದಸರೆಯ ಹೊತ್ತಿಗೆ ಅವ್ವ ತಮ್ಮನ ಮನೆಯಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಆಗವಳಿಗೆ 80. ಶಸ್ತ್ರಚಿಕಿತ್ಸೆಯ ನಂತರ ನಮ್ಮ ಮನೆಗೇ ಕರೆತಂದೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಹಗಲೆಲ್ಲ ಮಂಚದ ಮೇಲೆ ಕುಳಿತು ಗೋಡೆ ನೋಡುತ್ತಿದ್ದಳು. ಮಾತು ಕಡಿಮೆಯಾಗುತ್ತ ಬಂತು. ಹೆಸರುಗಳು ಮರೆಯತೊಡಗಿದವು. ಮೊಮ್ಮಗಳನ್ನು ನನ್ನ ಹೆಸರಿನಿಂದ, ನನ್ನನ್ನು ತನ್ನ ತಂಗಿಯ ಹೆಸರಿನಿಂದ ಕರೆಯುತ್ತಿದ್ದಳು. ಒಂದು ಸಂಜೆ ಅವಳ ತಲೆ ಬಾಚುತ್ತ, “ಯವ್ವಾ, ನೀ ಬೀಸುವಾಗ ಎಷ್ಟು ಹಾಡು ಹಾಡತಿದ್ದಿ, ಒಂದರೆ ಹೇಳ” ಎಂದೆ. ಅವಳು ಬಹಳ ಹೊತ್ತು ಯೋಚಿಸಿದಳು. “ಕಲ್ಲು ಇಲ್ಲದ ಹಾಡು ಹೆಂಗ ಬರತೈತಿ ಮಗಳ? ಕೈ ತಿರಗಿದ್ರ ಬಾಯಿ ತಿರಗತೈತಿ” ಎಂದಳು.

ಆ ಮಾತು ನನ್ನನ್ನು ಐವತ್ತು ವರ್ಷ ಹಿಂದಕ್ಕೆ ಒಯ್ದಿತು. ನಮ್ಮದು ಹನ್ನೊಂದು ಮಂದಿಯ ಮನೆ. ದಿನಾಲೂ ಜೋಳದ ರೊಟ್ಟಿ. ಮುಂದಿನ ಹೊತ್ತಿನ ಹಿಟ್ಟು ಸೂರ್ಯ ಹುಟ್ಟುವ ಮೊದಲೇ ಆಗಬೇಕು. ನಸುಕಿನಲ್ಲಿ, ಕೋಳಿ ಕೂಗುವುದಕ್ಕೂ ಮೊದಲು, ಅವ್ವ ಮತ್ತು ಅವಳ ನೆಗೆಣ್ಣಿ ಎದುರುಬದುರು ಕುಳಿತು ಬೀಸುಕಲ್ಲಿನ ಗೂಟ ಹಿಡಿಯುತ್ತಿದ್ದರು. ಒಬ್ಬಳು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕುವಳು. ಒಬ್ಬಳು ಪದ ಎತ್ತಿದರೆ ಇನ್ನೊಬ್ಬಳು ಹಿಡಿಯುವಳು. ಮೊದಲು ದೇವರನ್ನು ನೆನೆಯುವ ಪದ, ಆಮೇಲೆ ಕಲ್ಲನ್ನು ಹರಸುವ ಪದ, ಆಮೇಲೆ ತವರು, ಅಣ್ಣ, ಕೂಸು, ಮಳೆ. ಅತ್ತೆಗೆ ನೇರವಾಗಿ ಹೇಳಲಾಗದ ಮಾತೂ ಅದರಲ್ಲಿ ಹಾಯ್ದು ಹೋಗುತ್ತಿತ್ತು. ನಾವು ಮಕ್ಕಳು ಅದೇ ಸದ್ದಿನಲ್ಲಿ ಕೌದಿಯೊಳಗೆ ಅರ್ಧ ಎಚ್ಚರ, ಅರ್ಧ ನಿದ್ದೆ. ದಿನಾಲೂ ಒಂದು ತಾಸು, ಒಂದೂವರೆ ತಾಸು. ಹಬ್ಬವೆಂದು ಬಿಡುವಂತಿಲ್ಲ, ಬೇಸರವೆಂದು ಬಿಡುವಂತಿಲ್ಲ. ರೊಟ್ಟಿ ತಪ್ಪದಿದ್ದ ಮೇಲೆ ಹಾಡೂ ತಪ್ಪುವುದಿಲ್ಲ. ಹೀಗೆ ಅಕ್ಷರ ಬಾರದ ನನ್ನ ಅವ್ವ ದಿನಕ್ಕೆ ಹತ್ತಿಪ್ಪತ್ತು ಪದ್ಯಗಳ ಜೊತೆಗೆ ಬದುಕಿದ್ದಳು. ಅಕ್ಷರ ಬಲ್ಲ ನಾನು ಹನ್ನೆರಡು ದಿನಕ್ಕೆ ಸೋತಿದ್ದೆ!

1968ರ ಸುಮಾರಿಗೆ ನಮ್ಮೂರಿಗೆ ಹಿಟ್ಟಿನ ಗಿರಣಿ ಬಂತು. ಎಣ್ಣೆಯ ಇಂಜಿನ್ನು ‘ಪುಕ್ ಪುಕ್’ ಎಂದು ಊರೆಲ್ಲ ಕೇಳುವಂತೆ ಸದ್ದು ಮಾಡುತ್ತಿತ್ತು. ಹೆಂಗಸರು ಪುಟ್ಟಿಯಲ್ಲಿ ಜೋಳ ಹೊತ್ತು ಪಾಳಿ ಹಚ್ಚಿದರು. ಗಿರಣಿಯನ್ನು ಬೈಯುವ ಮನಸ್ಸು ನನಗಿಲ್ಲ. ಬೀಸುವುದರ ಕಷ್ಟ ಬೀಸಿದವರಿಗೇ ಗೊತ್ತು. ಅವ್ವನ ಅಂಗೈಯಲ್ಲಿ ಗೂಟ ಹಿಡಿದ ಜಡ್ಡು ಸಾಯುವ ತನಕ ಇತ್ತು. ಬಸುರಿಯರೂ ಬಾಣಂತಿಯರೂ ಬೀಸುತ್ತಿದ್ದರು. ಆ ಕಷ್ಟ ಹೋದದ್ದು ಪುಣ್ಯವೇ. ಆದರೆ ಕಲ್ಲು ಮೂಲೆಗೆ ಸರಿದಾಗ ಅದರ ಬೆನ್ನಿಗೆ ಹಾಡೂ ಎದ್ದು ಹೋಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ. ಗಿರಣಿ ಹಿಟ್ಟನ್ನು ಕೊಟ್ಟಿತು, ಹಾಡನ್ನು ಕೊಡಲಿಲ್ಲ. ಕೊಡಬೇಕಾದದ್ದು ಅದರ ಕೆಲಸವೂ ಅಲ್ಲ. ಮುಂದೆ ಆಲಮಟ್ಟಿಯ ಹಿನ್ನೀರು ಏರಿ ನಮ್ಮೂರು ಮುಳುಗುವುದೆಂದಾದಾಗ, ತಮ್ಮ ಮನೆಯ ತೊಲೆ ಬಾಗಿಲುಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದ. ಬೀಸುಕಲ್ಲು ಭಾರವೆಂದು ಅಲ್ಲಿಯೇ ಬಿಟ್ಟ. ಅದು ಈಗಲೂ ಕೃಷ್ಣೆಯ ನೀರಿನ ತಳದಲ್ಲಿ ಇದ್ದೀತು.

ಈ ಹಾಡುಗಳ ವಂಶ ಎಷ್ಟು ಹಳೆಯದೆಂದು ನಾನು ಅವ್ವನಿಗೆ ಹೇಳಲು ಹೋಗಿದ್ದೆ. ಬೀಸುವ ಪದ ತ್ರಿಪದಿ, ಮೂರು ಸಾಲಿನದು. ಹಾಡುವಾಗ ಎರಡನೆಯ ಸಾಲನ್ನು ಮರಳಿ ಎತ್ತಿಕೊಳ್ಳುವುದರಿಂದ ಕಿವಿಗೆ ನಾಲ್ಕು ಸಾಲಿನಂತೆ ಕೇಳುತ್ತದೆ. ಕಲ್ಲಿನ ಒಂದೊಂದು ಸುತ್ತಿಗೂ ಸಾಲು ಹೊಂದಿಕೊಂಡು ಹೋಗುತ್ತದೆ. ಸರ್ವಜ್ಞ ಹೇಳಿದ್ದು ಇದೇ ಮಟ್ಟಿನಲ್ಲಿ. ನಮ್ಮ ಬಾಗಲಕೋಟೆ ಜಿಲ್ಲೆಯದೇ ಆದ ಬಾದಾಮಿಯಲ್ಲಿ, ತಟ್ಟುಕೋಟೆಯ ಬಂಡೆಯ ಮೇಲೆ, ಕಪ್ಪೆ ಅರಭಟ್ಟ ಎಂಬ ವೀರನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ತ್ರಿಪದಿಗಳು ಅದರಲ್ಲಿವೆ. ಅಂದರೆ ಬಂಡೆಯ ಮೇಲೆ ಆ ವೀರನಿಗಾಗಿ ಕೊರೆದ ಮಟ್ಟೂ, ನನ್ನ ಅವ್ವ ಜೋಳ ಬೀಸುತ್ತ ಹಾಡಿದ ಮಟ್ಟೂ ಒಂದೇ. ನಡುವೆ 1300 ವರ್ಷ. ಆ ವೀರನ ಹೆಸರು ಕಲ್ಲಿನ ಮೇಲೆ ಉಳಿಯಿತು. ಬೀಸಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಅವರು ಕಲ್ಲನ್ನು ತಿರುಗಿಸುತ್ತಿದ್ದರು, ಬರೆಯುತ್ತಿರಲಿಲ್ಲ.

ಬರೆದುಕೊಂಡವರು ಹಲಸಂಗಿಯ ಗೆಳೆಯರು. ಭೀಮಾತೀರದ ಆ ಹಳ್ಳಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ತರುಣರು ಮನೆಮನೆಯ ಹಿರಿಯ ಹೆಂಗಸರ ಬಾಯಿಂದ ಹಾಡು ಕೇಳಿ ಬರೆದರು. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಗಿ ಬಂತು. ಕುಟ್ಟುವ ಬೀಸುವ ಹೆಂಗಸರ ಪದಗಳೂ ಸಾಹಿತ್ಯವೆಂದು ದೊಡ್ಡವರೆಲ್ಲ ಒಪ್ಪಿಕೊಂಡರು. ಗಿರಣಿಗಳು ಇನ್ನೂ ಹಳ್ಳಿಹಳ್ಳಿಗೆ ಬರುವ ಮೊದಲೇ ಆ ತರುಣರಿಗೆ ಈ ಬುದ್ಧಿ ಬಂತಲ್ಲ, ಅದು ನಮ್ಮೆಲ್ಲರ ಭಾಗ್ಯ. ಆದರೆ ನನ್ನ ಎದುರಿಗೇ ಮಂಚದ ಮೇಲೆ ಕುಳಿತವಳ ಹಾಡನ್ನು, ಮೂವತ್ತೈದು ವರ್ಷ ಕನ್ನಡ ಕಲಿಸಿದ ನಾನು, ಒಂದು ದಿನವೂ ಬರೆದಿರಲಿಲ್ಲ. ಈಗ ಅವಳ ನೆನಪೇ ಆರುತ್ತಿತ್ತು.

ಕಲ್ಲಿಲ್ಲದೆ ಹಾಡು ಬಾರದಿದ್ದರೆ ಕಲ್ಲನ್ನೇ ತರೋಣ ಎನ್ನಿಸಿತು. ಬನಹಟ್ಟಿಯ ಬೀಗತಿಯ ಮನೆಯಲ್ಲಿ ಬೇಳೆ ಒಡೆಯುವ ಒಂದು ಸಣ್ಣ ಬೀಸುಕಲ್ಲಿತ್ತು. 2019ರ ಸಂಕ್ರಾಂತಿಯ ಮುಂದೆ ಅಳಿಯ ಅದನ್ನು ಟಂಟಂನಲ್ಲಿ ಹೇರಿಕೊಂಡು ಬಂದ. ಮಂಚದ ಮುಂದೆ ಎತ್ತರದ ಮಣೆಯ ಮೇಲಿಟ್ಟು ಅವ್ವನ ಕೈಗೆ ಗೂಟ ಕೊಟ್ಟೆ. ಅವಳು ಮುಟ್ಟಿ ನೋಡಿದಳು. ತಿರುಗಿಸಲಿಲ್ಲ. ನನ್ನ ಕಡೆಗೆ ಸಿಟ್ಟಿನಿಂದ ನೋಡಿ, “ಬರೇ ಕಲ್ಲು ತಿರವಬಾರದು, ಕಾಳು ಹಾಕು” ಎಂದಳು. ಹಿಡಿ ಕಡಲೆ ತಂದು ಹಾಕಿದೆ. ಕೈ ತಿರುಗಿತು. ನಾಲ್ಕು ಸುತ್ತು, ಐದು ಸುತ್ತು. ಆಮೇಲೆ ಮೆಲ್ಲಗೆ, ಗಂಟಲಿನ ತಳದಿಂದ, ದೇವರನ್ನು ನೆನೆಯುವ ಆ ಮೊದಲ ಪದ ಬಂತು. ಮೊಮ್ಮಗಳ ಹೆಸರು ಮರೆತವಳಿಗೆ ಮೂರು ಸಾಲಿನಲ್ಲಿ ಒಂದಕ್ಷರವೂ ತಪ್ಪಲಿಲ್ಲ. ನಾನು ಹಾಲಿನ ಲೆಕ್ಕದ ವಹಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಕೈ ನಡುಗುತ್ತಿತ್ತು.

ಆ ದಿನದಿಂದ ಬೆಳಿಗ್ಗೆ ಅರ್ಧ ತಾಸು ಅವ್ವನ ಕಲ್ಲು, ನನ್ನ ವಹಿ. ಬಂದಷ್ಟು ಬಂತು, ಬಾರದ ದಿನ ಬರೇ ಬೇಳೆ. ನನಗೆ ಹೊಳೆದ ಸಂಗತಿಯೆಂದರೆ, ಕವಿತೆ ನಮ್ಮ ಮನೆಗಳಲ್ಲಿ ಎಂದೂ ಬಿಡುವಿನ ಸಂಗತಿಯಾಗಿರಲಿಲ್ಲ. ಅದು ಕೆಲಸಕ್ಕೆ ಕಟ್ಟಿಕೊಂಡಿತ್ತು. ಹಸುವನ್ನು ಗೂಟಕ್ಕೆ ಕಟ್ಟಿದ ಹಾಗೆ. ಗೂಟ ಕಿತ್ತ ಮೇಲೆ ಹಸು ಎಲ್ಲಿ ನಿಂತೀತು? ನಾನೂ ಒಂದು ಗೂಟ ಹುಡುಕಬೇಕಿತ್ತು. ಸಿಕ್ಕಿದ್ದು ಹಾಲು. ದಿನಾ ಬೆಳಿಗ್ಗೆ ಹಾಲು ಕಾಯಿಸಬೇಕು. ಉಕ್ಕುವ ತನಕ ಒಲೆ ಬಿಟ್ಟು ಕದಲುವಂತಿಲ್ಲ, ಬೇರೆ ಏನೂ ಮಾಡುವಂತಿಲ್ಲ. ಎಂಟು ಹತ್ತು ನಿಮಿಷ. ಯಾರೂ ಕೈಹಾಕಲಾಗದ ಹೊತ್ತು ಅದೊಂದೇ. ಹೀಗೆ ಪುಸ್ತಕ ಒಲೆಯ ಪಕ್ಕಕ್ಕೆ ಬಂತು. ಆಗಿನಿಂದ ಈ ನೇಮ ತಪ್ಪಿದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

ನೇಮ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ನಮ್ಮ ಜಮಖಂಡಿಯಲ್ಲಿ ಈ ಶಬ್ದಕ್ಕೊಂದು ಹಿನ್ನೆಲೆಯಿದೆ. 1886ರ ಜುಲೈ 3ರಂದು ಇಲ್ಲಿ ಹುಟ್ಟಿದ ಗುರುದೇವ ರಾ.ದ. ರಾನಡೆಯವರು ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಅಲ್ಲಿಯ ವಿಶ್ವವಿದ್ಯಾಲಯದ ಕುಲಪತಿಯೂ ಆಗಿ, ಕೊನೆಗೆ ವಿಜಾಪುರದ ಸೀಮೆಯ ನಿಂಬಾಳದಲ್ಲಿ ನೆಲೆಸಿದವರು. ಜಮಖಂಡಿ ಆಗ ಪಟವರ್ಧನ ಮನೆತನದ ಸಂಸ್ಥಾನ. ದರಬಾರದಲ್ಲಿ ಮರಾಠಿಯದೇ ನಡೆ. ರಾನಡೆಯವರೂ ಮರಾಠಿಯಲ್ಲಿ ಬೆಳೆದವರೇ. ಆದರೂ ಅವರ ಗುರುಪರಂಪರೆಯ ನಿತ್ಯದ ನೇಮದಲ್ಲಿ ಧ್ಯಾನದ ಜೊತೆಗೆ ಸಂತರ ಪದಗಳನ್ನು ಹಾಡುವುದು ಸೇರಿತ್ತು, ಅದರಲ್ಲಿ ಕನ್ನಡದ ಪದಗಳೂ ಇದ್ದವು. ದಿನಾಲೂ ಹಾಡಿ ಕೇಳಿದ ಪದಗಳ ಮೇಲೆ ಅವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಕೊಟ್ಟರು. 1957ರಲ್ಲಿ ಅವರು ತೀರಿಕೊಂಡ ಮೇಲೆ, 1960ರಲ್ಲಿ, ಅದು ಕನ್ನಡ ಅನುಭಾವ ಸಾಹಿತ್ಯದ ಮೇಲಿನ ಇಂಗ್ಲಿಷ್ ಗ್ರಂಥವಾಗಿ ಬಂತು. ಅಷ್ಟು ದೊಡ್ಡ ಪಂಡಿತರು ಪದವನ್ನು ಪಾಂಡಿತ್ಯದ ಕಪಾಟಿನಲ್ಲಿಡದೆ ದಿನದ ಊಟದಂತೆ ಇಟ್ಟುಕೊಂಡಿದ್ದರಲ್ಲ, ಅದು ನನಗೆ ಮುಖ್ಯ.

ಪದವನ್ನು ಎತ್ತರದಲ್ಲಿಟ್ಟು ಕೈಮುಗಿಯುವುದು ಬೇರೆ, ಕೈಗೆ ಸಿಗುವಲ್ಲಿ ಇಡುವುದು ಬೇರೆ. ಇದನ್ನು ಬನಹಟ್ಟಿಗೆ ಹೋದಾಗಲೆಲ್ಲ ನೆನೆಯುತ್ತೇನೆ. ವಚನ ಸಾಹಿತ್ಯಕ್ಕಾಗಿ ಆಯುಷ್ಯ ಸವೆಸಿದ ಫ.ಗು. ಹಳಕಟ್ಟಿಯವರು ಮೊದಮೊದಲು ಕಂಡ ಓಲೆಯ ಕಟ್ಟುಗಳು ರಬಕವಿ-ಬನಹಟ್ಟಿಯ ಒಂದು ಮನೆಯಲ್ಲಿದ್ದವು. ಆ ಕಾಲದಲ್ಲಿ ಎಷ್ಟೋ ಮನೆಗಳ, ಮಠಗಳ ಜಗಲಿಯ ಮೇಲೆ ಇಂಥ ಕಟ್ಟುಗಳಿಗೆ ವಿಭೂತಿ ಹಚ್ಚಿ ಹೂವೇರಿಸುತ್ತಿದ್ದರು, ಬಿಚ್ಚಿ ಓದುವವರು ವಿರಳ. ವಿಜಾಪುರದಲ್ಲಿ ವಕೀಲರಾಗಿದ್ದ ಹಳಕಟ್ಟಿಯವರು ಅವನ್ನು ಬಿಚ್ಚಿದರು. ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬಂತು. 1925ರಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. 1926ರಿಂದ ‘ಶಿವಾನುಭವ’ ಪತ್ರಿಕೆ. ವಕೀಲಿಯ ಗಳಿಕೆಯೆಲ್ಲ ಅಚ್ಚಿನ ಮೊಳೆಗಳಿಗೆ ಹೋಯಿತು. 1964ರಲ್ಲಿ ತೀರಿಕೊಂಡಾಗ ಅವರ ಬಳಿ ಉಳಿದ ಆಸ್ತಿಯೆಂದರೆ ಆ ಪುಸ್ತಕಗಳೇ. ಇಂದು ನಾನು ಹಾಲು ಕಾಯುವ ತನಕ ಅಕ್ಕಮಹಾದೇವಿಯ ಒಂದು ವಚನ ಓದುತ್ತೇನೆಂದರೆ, ಜಗಲಿಯ ಮೇಲಿನದು ಒಲೆಯ ಪಕ್ಕಕ್ಕೆ ಬಂದದ್ದು ಆ ಮನುಷ್ಯನ ದೆಸೆಯಿಂದ.

ಪುಸ್ತಕ ಕೈಗೆ ಸಿಗುವಂತೆ ಮಾಡಬೇಕೆಂದು ಅವರಿಗಿಂತ ಸಾವಿರ ವರ್ಷ ಹಿಂದೆ ಯೋಚಿಸಿದವಳು ಒಬ್ಬ ಹೆಂಗಸು. ಅವಳ ಕಥೆ ತಿಳಿಯಲು ನಾನು ಬಿಟ್ಟುಬಿಟ್ಟಿದ್ದ ರನ್ನನ ಹತ್ತಿರವೇ ಮರಳಬೇಕಾಯಿತು. ಈಗೀಗ ಮುಧೋಳ ಎಂದರೆ ಹೊರಗಿನವರಿಗೆ ಬೇಟೆನಾಯಿಯ ನೆನಪು. ರನ್ನ ಹುಟ್ಟಿದ್ದು ಇಲ್ಲಿಯೇ, ಕ್ರಿ.ಶ. 949ರಲ್ಲಿ, ಆಗಿನ ಮುದುವೊಳಲಿನಲ್ಲಿ. ತಾಲೂಕಿನ ರನ್ನಬೆಳಗಲಿ ಅವನ ಹೆಸರನ್ನೇ ಹೊತ್ತಿದೆ. ಅವನದು ಬಳೆಗಾರರ ಮನೆ. ತಾಯಿ ಅಬ್ಬಲಬ್ಬೆ, ತಂದೆ ಜಿನವಲ್ಲಭ. ನಮ್ಮ ಕೈಗಳನ್ನು ಹಿಡಿದು ಬಳೆ ಇಡಿಸುವವರ ಕುಲದಲ್ಲಿ ಹುಟ್ಟಿದ ಹುಡುಗ ಓದಿನ ಹಸಿವಿನಿಂದ ಶ್ರವಣಬೆಳಗೊಳದ ತನಕ ಹೋದ. ಅಜಿತಸೇನಾಚಾರ್ಯರ ಶಿಷ್ಯನಾದ. ಚಾವುಂಡರಾಯನ ಆಶ್ರಯ ಪಡೆದ. ಕೊನೆಗೆ ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನ್ನಿಸಿಕೊಂಡ. ಅವನು 993ರಲ್ಲಿ ಅಜಿತಪುರಾಣ ಬರೆದದ್ದು ಅತ್ತಿಮಬ್ಬೆ ಎಂಬ ಮಹಿಳೆಯ ಆಶ್ರಯದಲ್ಲಿ. ತನ್ನ ಮಗಳಿಗೂ ಅತ್ತಿಮಬ್ಬೆಯೆಂದೇ ಹೆಸರಿಟ್ಟ.

ಈ ಅತ್ತಿಮಬ್ಬೆಯ ಬದುಕನ್ನು ಒಮ್ಮೆ ನೆನೆಯಿರಿ. ಗಂಡ ನಾಗದೇವ ಯುದ್ಧದಲ್ಲಿ ತೀರಿಕೊಂಡ. ಅವನನ್ನೇ ಮದುವೆಯಾಗಿದ್ದ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಎಳೆಯ ಮಗ ಅಣ್ಣಿಗದೇವನಿಗಾಗಿ ಅತ್ತಿಮಬ್ಬೆ ಉಳಿದಳು. ಉಳಿದವಳು ಮೂಲೆ ಹಿಡಿದು ಕೂಡಲಿಲ್ಲ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ಇದೆ, ಅಲ್ಲಿಯ ಶಾಸನ 1007ರದು. ಅವಳ ತಂದೆ ಮಲ್ಲಪ ಮತ್ತು ಚಿಕ್ಕಪ್ಪ ಪುನ್ನಮಯ್ಯ ಹಿಂದೆ ಕವಿ ಪೊನ್ನನಿಂದ ಶಾಂತಿಪುರಾಣ ಬರೆಸಿದ್ದರು. ತವರಿನ ಆ ಕಾವ್ಯ ಹಾಳಾಗಿ ಹೋಗಬಾರದೆಂದು ಅತ್ತಿಮಬ್ಬೆ ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಸಾವಿರ! ಒಂದೊಂದು ಗರಿಯ ಮೇಲೂ ಕಂಠದಿಂದ ಅಕ್ಷರ ಕೊರೆದು, ಮಸಿ ಸವರಿ, ದಾರ ಪೋಣಿಸಿ ಕಟ್ಟಬೇಕಾದ ಕಾಲದಲ್ಲಿ. ಜರ್ಮನಿಯಲ್ಲಿ ಗುಟೆನ್‌ಬರ್ಗ್ ಬೈಬಲ್ಲನ್ನು ಅಚ್ಚುಮಾಡುವುದಕ್ಕೆ ಇನ್ನೂ ನಾಲ್ಕೂವರೆ ನೂರು ವರ್ಷ ಬಾಕಿಯಿತ್ತು. ಒಂದೇ ಕಡೆ ಇದ್ದದ್ದು ಮುಳುಗುತ್ತದೆ, ಸುಡುತ್ತದೆ, ಗೆದ್ದಲಿಗೆ ಹೋಗುತ್ತದೆ. ಸಾವಿರ ಕೈಗಳಲ್ಲಿ ಇದ್ದದ್ದು ಉಳಿಯುತ್ತದೆ. ಅದು ತವರಿನ ಮೇಲಿನ ಮಮತೆಯೂ ಹೌದು, ಜಾಣತನವೂ ಹೌದು.

ಗದಾಯುದ್ಧವನ್ನೂ ಆಮೇಲೆ ಓದಿ ಮುಗಿಸಿದೆ. ಹತ್ತು ಆಶ್ವಾಸಕ್ಕೆ ಎರಡು ವರ್ಷ ಹಿಡಿಯಿತು. ದಿನಕ್ಕೊಂದೇ ಪದ್ಯ. ಅರ್ಥವಾಗದಿದ್ದರೆ ಮರುದಿನವೂ ಅದೇ. ಹೊಸಗನ್ನಡದ ಗದ್ಯಾನುವಾದ ಇರುವ ಪುಸ್ತಕ ಇಟ್ಟುಕೊಂಡೆ. ರಾತ್ರಿ ಶತ್ರುವಾಗಿದ್ದ ರನ್ನ ಬೆಳಿಗ್ಗೆ ಗೆಳೆಯನಾದ. ಯಾರಾದರೂ ಕೇಳಿದರೆ ನನ್ನ ಅನುಭವದಿಂದ ಎರಡು ಮೂರು ಮಾತು ಹೇಳುತ್ತೇನೆ. ಗಟ್ಟಿಯಾಗಿ ಓದಬೇಕು, ಪದ್ಯ ಕಣ್ಣಿಗಿಂತ ಕಿವಿಯದು. ಚಿಕ್ಕದರಿಂದ ಆರಂಭಿಸಬೇಕು. ವಚನ, ತ್ರಿಪದಿ, ಬೇಂದ್ರೆಯವರ ಹಾಡು, ಯಾವುದಾದರೂ ಸರಿ. ಮೆಚ್ಚಿದ್ದನ್ನು ಕೈಯಿಂದ ಬರೆದುಕೊಳ್ಳಬೇಕು. ತಿಳಿಯಲಿಲ್ಲವೆಂದು ನಾಚಬಾರದು. ಎಲ್ಲಕ್ಕೂ ಮೊದಲು, ನಿಮ್ಮ ದಿನದಲ್ಲಿ ತಪ್ಪದೆ ಆಗುವ ಒಂದು ಕೆಲಸಕ್ಕೆ ಅದನ್ನು ಕಟ್ಟಬೇಕು. ನನಗೆ ಹಾಲು ಒದಗಿತು. ನಿಮಗೆ ಬಸ್ಸಿನ ದಾರಿಯಿರಬಹುದು, ನೀರು ತುಂಬುವ ಹೊತ್ತಿರಬಹುದು. ಒಂದೆರಡು ಸಲ ನನ್ನ ಹಾಲು ಉಕ್ಕಿ ಒಲೆ ಆರಿದ್ದೂ ಉಂಟು. ಆದ್ದರಿಂದ ಉದ್ದದ ಪದ್ಯವನ್ನು ರವಿವಾರಕ್ಕೆ ಇಟ್ಟುಕೊಂಡಿದ್ದೇನೆ!

ಅವ್ವ ಮೂರೂವರೆ ವರ್ಷ ನಮ್ಮ ಜೊತೆಗಿದ್ದಳು. ಕೊನೆಯ ವರ್ಷ ಕಲ್ಲು ತಿರುಗಿಸುವ ಶಕ್ತಿ ಉಳಿಯಲಿಲ್ಲ. ನಾನು ತಿರುಗಿಸುತ್ತಿದ್ದೆ, ಅವಳು ನನ್ನ ಮುಂಗೈ ಮೇಲೆ ಕೈಯಿಟ್ಟಿರುತ್ತಿದ್ದಳು. ಆಗ ಅವಳೇ ಮರೆತ ಪದಗಳನ್ನು ವಹಿ ನೋಡಿ ನಾನು ಎತ್ತಿದರೆ, ಎರಡನೆಯ ಸಾಲನ್ನು ಅವಳು ಹಿಡಿಯುತ್ತಿದ್ದಳು, ನೆಗೆಣ್ಣಿಯ ಎದುರು ಕುಳಿತ ಹಾಗೆ. ಒಂದು ಬೆಳಿಗ್ಗೆ ಹಿಡಿಯಲಿಲ್ಲ. 2022ರ ಶ್ರಾವಣದಲ್ಲಿ ಹೋದಳು. ವಹಿಯಲ್ಲಿ 63 ತ್ರಿಪದಿಗಳಿವೆ. ಅವಳಿಗೆ ಬರುತ್ತಿದ್ದದ್ದು ಅದರ ಹತ್ತು ಪಟ್ಟಾದರೂ ಇದ್ದಿರಬೇಕು. ಉಳಿದದ್ದು ಎಲ್ಲಿ ಹೋಯಿತೆಂದು ಕೇಳಿಕೊಂಡಾಗ ನನಗೆ ಕಾಣುವುದು ಹಿನ್ನೀರಿನ ತಳದ ಆ ಕಲ್ಲು. ನಾನು ಹತ್ತು ವರ್ಷ ಮೊದಲು ಕೇಳಿದ್ದರೆ! ಈ ನೋವು ನನಗೆ ಹೋಗುವಂಥದಲ್ಲ.

ವರ್ಷಾಂತಕ್ಕೆ ಬಂದವರಿಗೆ ಪಾತ್ರೆ ಹಂಚುವುದು ನಮ್ಮ ಕಡೆಯ ರೂಢಿ. ನಾನು ವಹಿಯನ್ನು ಶುದ್ಧವಾಗಿ ಬರೆದು, ಝೆರಾಕ್ಸ್ ಮಾಡಿಸಿ, ಹೊಲಿದು, 50 ಪ್ರತಿ ಹಂಚಿದೆ. ಅತ್ತಿಮಬ್ಬೆಯ ಸಾವಿರದ ಮುಂದೆ ಐವತ್ತು ಏನೂ ಅಲ್ಲ. ಆದರೆ ಅವಳಂತೆಯೇ ಇದೂ ತವರಿನದು. ಕೆಲವರು ಪಾತ್ರೆ ಇಲ್ಲವೆಂದು ಮುಖ ಸಣ್ಣ ಮಾಡಿದರು. ತಮ್ಮ ಮಾತ್ರ ಒಂದರ ಬದಲು ನಾಲ್ಕು ಕೇಳಿ ಒಯ್ದ.

ಮೊನ್ನೆ ಬನಹಟ್ಟಿಗೆ ಹೋಗಿದ್ದೆ. ಓಣಿಯ ತುಂಬ ವಿದ್ಯುತ್ ಮಗ್ಗಗಳ ಸಪ್ಪಳ, ಪಕ್ಕದವರ ಮಾತೂ ಕೇಳಿಸದು. ಬೀಗತಿ ಮಾತ್ರ ಒಳಗಿನ ಪಡಸಾಲೆಯಲ್ಲಿ ಹಳೆಯ ರಾಟಿ ಇಟ್ಟುಕೊಂಡು, ಕೈಮಗ್ಗಕ್ಕೆ ಬೇಕಾದ ಕಂಡಿಕೆ ಸುತ್ತುತ್ತಾಳೆ. ರಾಟಿಯ ಪಕ್ಕ, ಗೋಡೆಯ ಮೊಳೆಗೆ ದಾರದಿಂದ ಕಟ್ಟಿ, ಅವ್ವನ ಪುಸ್ತಕ ತೂಗುಹಾಕಿತ್ತು. ನನ್ನ ಮಗಳು ನಿಂತು ಒಂದೊಂದು ಸಾಲು ಓದಿ ಹೇಳುತ್ತಿದ್ದಳು. ಬೀಗತಿ ರಾಟಿ ತಿರುಗಿಸುತ್ತ ಅದನ್ನು ತನ್ನ ಧಾಟಿಯಲ್ಲಿ ಎತ್ತಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ನಾಚಿ ನಿಲ್ಲಿಸಿದಳು. “ನಿಲ್ಲಸಬ್ಯಾಡ್ರಿ ಬೀಗತಿ, ಕೈ ತಿರಗಲಿ” ಎಂದು ನಾನೂ ಪಕ್ಕದಲ್ಲಿ ಕುಳಿತೆ.